ಎರಡು ಹೊತ್ತು ಹಿಂಡಿ ನೋಡಿದ ಕಂಪ್ಯೂಟರು

ಆ ದಿನ ಬೆಳಗ್ಗೆ ಎಂದಿನಂತೆ ಹಾಲು ಉಕ್ಕಿ ಗ್ಯಾಸ್ ಕಟ್ಟೆಯ ಮೇಲೆ ಹರಿಯಿತು. ಎಂದಿನಂತೆ ಅತ್ತೆಯವರು ಬಸದಿಯಿಂದ ಬಂದವರೇ ಹೊಸ್ತಿಲಲ್ಲಿ ನಿಂತು ಮೂಗರಳಿಸಿದರು. ಎಂದಿನಂತೆ ನಾನು ಒರೆಸುವ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿ ನಕ್ಕೆ. ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಇವರು ಮಿಲ್ಲಿಗೆ ಹೊರಟ ಮೇಲೆ ನೋಡಿದರೆ ಬಾಗಿಲಲ್ಲಿ ಕಾಕಾ ನಿಂತಿದ್ದಾರೆ.

“ಯವ್ವಾ, ಆ ನೀಲಿ ಹೂವಿನ ಸೀರಿ ಉಟ್ಕೊಂಡ ಲಗೂನ ಬಾ. ಇವತ್ತ ಕಡೇದ್ದು. ಹಿಂಡಿ ನೋಡಿಬಿಡೂಣು.”

ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ! ಕಾಕಾ ನನ್ನಿಂದ ಹಿಂಡಿಸಲು ಹೊರಟದ್ದು ಕಂಪ್ಯೂಟರನ್ನು. ಗೋಕಾಕದಲ್ಲೇನು, ಈ ಭೂಮಂಡಲದಲ್ಲೇ ಕಂಪ್ಯೂಟರನ್ನು ಎರಡು ಹೊತ್ತು ಹಿಂಡಿಸಿ ನೋಡಿದ ಮನುಷ್ಯ ನಮ್ಮ ಕಾಕಾ ಒಬ್ಬರೇ ಎಂದು ಬಸದಿಯ ಮೆಟ್ಟಿಲ ಮೇಲೆ ನಿಂತು ಹೇಳಬಲ್ಲೆ.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಅವರಿಗೆ ಎರಡು ಹೆಸರಿತ್ತು. ಒಂದು, ಓಣಿಯ ಮೂಲೆಯ ಟೈಪಿಂಗ್ ಕ್ಲಾಸಿನ ಮಾಸ್ತರು. ಇನ್ನೊಂದು, ಮೂಡಲಗಿಯ ದನದ ಸಂತೆಯಲ್ಲಿ ಎಮ್ಮೆ ಪರೀಕ್ಷಕರು. ಬೀಗರಿಗೆ, ಬೀಗರ ಬೀಗರಿಗೆ ಎಮ್ಮೆ ಬೇಕಾದರೆ ಕಾಕಾರೇ ಹೋಗಬೇಕು. ಹೋಗುವಾಗ ಆ ಮನೆಯ ಹೆಂಗಸನ್ನು ಕರೆದುಕೊಂಡೇ ಹೋಗುತ್ತಿದ್ದರು. “ಎಮ್ಮಿ ಆರಿಸೂದು ನನ್ನ ಕಣ್ಣಲ್ಲ, ಹಿಂಡಾಕಿ ಕೈ” ಎನ್ನುವುದು ಅವರ ಸಿದ್ಧಾಂತ. ಅವಳಿಂದ ಎರಡು ಹೊತ್ತು ಹಿಂಡಿಸಿ ನೋಡದೆ ಯಾವ ಎಮ್ಮೆಯನ್ನೂ ಕೊಳ್ಳಲು ಬಿಡುತ್ತಿರಲಿಲ್ಲ.

ಇದು ಎರಡು ಸಾವಿರದ ಐದೋ ಆರೋ ಇಸವಿಯ ಮಾತು. ಮುಂಜಾನೆಯಿಂದ ಟಕಟಕ ಎನ್ನುತ್ತಿದ್ದ ಕ್ಲಾಸು ಅಷ್ಟರಲ್ಲಿ ಮೌನವ್ರತ ಹಿಡಿದಿತ್ತು. ಎಲ್ಲರಿಗೂ ಕಂಪ್ಯೂಟರೇ ಬೇಕು. ಕಾಕಾ ಬೆಳಗಾವಿಯಿಂದ ಒಂದನ್ನು ತರಿಸಿದರು. ಆದರೆ ಆ ಪೆಟ್ಟಿಗೆಯೊಳಗೆ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಇರಬೇಕಂತೆ. ಇಲ್ಲವಾದರೆ ಗೂಟವಿದ್ದು ಎಮ್ಮೆಯಿಲ್ಲದ ಕೊಟ್ಟಿಗೆಯಂತೆ! ತಂದುಕೊಟ್ಟ ಅಂಗಡಿಯವನು ಒಂದು ಸಿ.ಡಿ. ತೆಗೆದು, “ಒರಿಜಿನಲ್ ಅಲ್ರಿ, ಕಾಪಿ. ಎಲ್ಲಾರೂ ಇದನ್ನ ಹಾಕ್ಕೋತಾರ” ಎಂದ.

ಕಾಕಾ ಎದ್ದು ನಿಂತರು. “ಕಾಪಿ ಅಂದ್ರ ಕಳವಿಂದು. ನಾ ಬಸದ್ಯಾಗ ಮುನಿ ಮಹಾರಾಜರ ಮುಂದ ಅಚೌರ್ಯ ವ್ರತ ತಗೊಂಡಾಂವ. ಕದ್ದ ಎಮ್ಮಿ ಕಟ್ಟಿ ಮಂದಿ ಮಕ್ಕಳಿಗೆ ಹಾಲ ಕುಡಸ್ಲೇನು?”

“ಹಂಗಾದ್ರ ಲಿನಕ್ಸ್ ಅಂತ ಐತ್ರಿ. ಪುಕ್ಕಟ. ಯಾರು ಬೇಕಾದ್ರೂ ಒಳಗ ಬಿಚ್ಚಿ ನೋಡಿ ಕಲೀಬಹುದು.”

“ಬಿಚ್ಚಿ ನೋಡಬಹುದ? ಎಮ್ಮಿ ಬಾಯಿ ತಗದು ಹಲ್ಲ ತೋರಸ್ತಾರ ಅನ್ನು!” ಕಾಕಾರ ಮುಖ ಅರಳಿತು. ಮರುಕ್ಷಣವೇ ಸಂಶಯ. ಸಂತೆಯಲ್ಲಿ ಪುಕ್ಕಟೆ ಕೊಡುವ ಎಮ್ಮೆ ಎಂದರೆ ಐಬಿನ ಎಮ್ಮೆ! ಹೆಗಲ ಮೇಲಿನ ಟವೆಲ್ ತೆಗೆದು ಅವನ ಕೈ ಮೇಲೆ ಹೊದಿಸಿ, ಅದರೊಳಗೆ ಅವನ ಬೆರಳು ಹಿಡಿದು, “ಈಗ ಹೇಳು, ಖರೇ ರೇಟ ಏನು?” ಎಂದರು. ದನದ ಸಂತೆಯ ವ್ಯಾಪಾರ ಹಾಗೇ ತಾನೇ? ಬೆಳಗಾವಿಯವನಿಗೇನು ಗೊತ್ತು ಪಾಪ! ಬೆವರುತ್ತಾ, “ಕಾಕಾ, ನಂದ ಲಗ್ನ ಆಗೇತ್ರಿ” ಎಂದ.

ಆಮೇಲೆ ತಿಳಿಯಿತು, ಲಿನಕ್ಸಿನಲ್ಲೂ ಒಂದಲ್ಲ, ಹಿಂಡುಗಟ್ಟಲೆ ಜಾತಿ! ಯಾವುದನ್ನು ಆರಿಸುವುದು? ಹುಕ್ಕೇರಿಯ ಕಾಲೇಜೊಂದರ ಲ್ಯಾಬ್ ಮಾಸ್ತರು ಕಾಕಾ ಆರಿಸಿಕೊಟ್ಟ ಎಮ್ಮೆಯ ಋಣದಲ್ಲಿದ್ದವರು. ಅವರು ಸಿ.ಡಿ.ಗಳನ್ನು ಮೇಜಿನ ಮೇಲೆ ಹರಡಿದರು. ಇಂಗ್ಲಿಷ್ ಓದಲೆಂದು ನಾನೂ ಹೋಗಿದ್ದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಅಲ್ಲಿಯವರೆಗೆ ಶಾಂಪೂ ಬಾಟಲಿಯ ಬೆನ್ನು ಓದಲು, ಓಣಿಯವರ ಗುಳಿಗೆ ಗುರುತಿಸಲು ಉಪಯೋಗವಾಗಿದ್ದು ಬಿಟ್ಟರೆ ಟ್ರಂಕಿನ ತಳದ ರೇಷ್ಮೆ ಸೀರೆಯಂತೆ ಮಡಿಕೆ ಬಿಚ್ಚದೆ ಕೂತಿತ್ತು.

ಕಾಕಾ ಒಂದು ಸಿ.ಡಿ. ಎತ್ತಿ ಬೆಳಕಿಗೆ ಹಿಡಿದು, “ಇದರ ಅವ್ವ ಯಾವುದ್ರಿ?” ಎಂದರು.

ನಾನು ನಾಚಿಕೆಯಿಂದ ಕುಗ್ಗಿದೆ. ಆದರೆ ಮಾಸ್ತರು ಕುರ್ಚಿಯಿಂದ ಹಾರಿ ಎದ್ದರು! “ಕಾಕಾ, ನನ್ನ ಕ್ಲಾಸಿನ್ಯಾಗ ಒಬ್ಬರೂ ಈ ಪ್ರಶ್ನೆ ಕೇಳಿಲ್ರಿ! ಇವು ಒಂದರಿಂದ ಒಂದು ಹುಟ್ಟಿದಾವ್ರಿ. ಇದು ಆ ಇನ್ನೊಂದರ ಮಗಳು. ಈ ಕೆಂಪು ಟೋಪಿ ಚಿತ್ರದ್ದು ದೊಡ್ಡ ಮನೆತನ. ಇದು ಮಾತ್ರ ಯಾರ ಮಗಳೂ ಅಲ್ಲ, ತಾನ ಹುಟ್ಟಿದ್ದು.”

“ದಿಕ್ಕಿಲ್ಲದ್ದು ಬ್ಯಾಡ್ರಿ, ಒದೀತದ” ಎಂದು ಕಾಕಾ ಅದನ್ನು ಬದಿಗಿಟ್ಟರು.

ಹೀಗೆ ಶುರುವಾಯಿತು ನೋಡಿ, ಪ್ರತಿ ಸಿ.ಡಿ.ಗೂ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹಿಂಡುವ ಪರೀಕ್ಷೆ. ಹಿಂಡಾಕಿ ನಾನು. ಹಿಂಡುವುದೆಂದರೆ ಟೈಪ್ ಮಾಡುವುದು, ಯಾವ ಕೀಲಿಗೆ ಯಾವ ಬೆರಳು ಎಂದು ಕಾಕಾರೇ ಹೇಳಿಕೊಟ್ಟಿದ್ದರು. ಕಾಕಾರ ಶಾಸ್ತ್ರದ ಪ್ರಕಾರ ಎಡಬದಿಗೆ ಕೂರಬೇಕು. ಆದ್ದರಿಂದ ಕಂಪ್ಯೂಟರಿನ ಎದುರಿಗಲ್ಲ, ಎಡಕ್ಕೆ ಸ್ಟೂಲು ಹಾಕಿಕೊಂಡು ಕತ್ತು ತಿರುಗಿಸಿ ಕುಟ್ಟುತ್ತಿದ್ದೆ. ಎಮ್ಮೆ ಹಿಂಡುವವಳ ಸೀರೆಯ ಗುರುತು ಹಿಡಿಯುತ್ತದಲ್ಲ, ಬೇರೆ ಸೀರೆಯುಟ್ಟರೆ ಹಾಲು ಬಿಡದೆ ಏರಿಸಿಕೊಳ್ಳುತ್ತದಲ್ಲ, ಅದಕ್ಕೇ ದಿನಾ ಅದೇ ನೀಲಿ ಹೂವಿನ ಸೀರೆ! ಅತ್ತೆಯವರು ಒಂದು ದಿನ ತಡೆಯಲಾರದೆ, “ಏನೋ, ಆ ಡಬ್ಬಿಗೆ ಕಣ್ಣ ಎಲ್ಲಿ ಅದಾವೋ ಸೀರಿ ನೋಡಾಕ?” ಎಂದು ಮೈದುನನನ್ನು ಕೇಳಿದರು.

“ವೈನೀ, ಎಮ್ಮಿ ಏನ ನೋಡ್ತೈತಿ ಅಂತ ಎಮ್ಮಿಗೇ ಗೊತ್ತು.”

ನಾನೊಮ್ಮೆ ಸಂಕೇಶ್ವರದ ತವರಿಗೆ ಹೋಗಿದ್ದೆ. ಕಾಕಾ ಏನು ಮಾಡಿದರು ಗೊತ್ತೇ? ತಂತಿಯ ಮೇಲೆ ಒಣಗುತ್ತಿದ್ದ ನನ್ನ ಸೀರೆಯನ್ನು ತಲೆಯ ಮೇಲಿಂದ ಹೊದ್ದು ತಾವೇ ಸ್ಟೂಲಿನ ಮೇಲೆ ಕೂತರು! ಹಳ್ಳಿಯಲ್ಲಿ ಗಂಡಸರು ಹಾಗೆ ಎಮ್ಮೆಯನ್ನು ಯಾಮಾರಿಸುವುದುಂಟು. ಅದೇ ಹೊತ್ತಿಗೆ ಮಗಳನ್ನು ಕ್ಲಾಸಿಗೆ ಸೇರಿಸಲೆಂದು ಒಬ್ಬರು ಒಳಗೆ ಬಂದರು. ಸೆರಗಿನೊಳಗಿಂದ ಮೀಸೆ ಇಣುಕಿ, “ಬರ್ರಿ, ಕುಂದ್ರ‍್ರಿ” ಎಂದಿತು. ಅವರು ಕೂರಲಿಲ್ಲ.

ಇನ್ನು ಪರೀಕ್ಷೆಯ ಫಲಿತಾಂಶ? ಕೆಂಪು ಟೋಪಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಕೇಳಿತು.

“ಏನಂತೈತಿ?”

“ನೀವು ಯಾರು ಅಂತ ಕೇಳಾಕತ್ತೈತ್ರಿ ಕಾಕಾ.”

“ನಮ್ಮ ಕೊಟ್ಟಿಗ್ಯಾಗ ನಿಂತು ನನಗ ನೀ ಯಾರು ಅಂತೈತಿ? ಹೊರಗ ಹಾಕು!”

ಇನ್ನೊಂದರ ಮೇಲೆ ಹಸಿರು ಓತಿಕ್ಯಾತನ ಚಿತ್ರವಿತ್ತು. ಬಲು ಚೆಲುವೆ, ಆದರೆ ನಡುವೆ ನಿಂತಲ್ಲೇ ನಿಂತಿತು. ಕಾಕಾ ಪೆಟ್ಟಿಗೆಯ ಬೆನ್ನು ತುರಿಸಿ, “ಹೋ ಹೋ, ನಮ್ಮವ್ವ” ಎಂದರು. ಬೆನ್ನು ಬಿಸಿಯಾಗಿತ್ತು. ಬಿಸಿಲಿಗೆ ಬಳಲಿದ ಎಮ್ಮೆಗೆ ಏನು ಮಾಡುತ್ತಾರೆ? ನಾನು ಬೇಡ ಬೇಡ ಎನ್ನುವಷ್ಟರಲ್ಲಿ ತೊಯ್ದ ಗೋಣಿಚೀಲ ಹೊದಿಸಿಯೇ ಬಿಟ್ಟರು! ಢಬ್ ಎಂದಿತು. ಇಡೀ ಓಣಿಯ ಕರೆಂಟು ಹೋಯಿತು. ಹುಕ್ಕೇರಿ ಮಾಸ್ತರು ಬಂದು ಒಳಗಿನದೇನನ್ನೋ ಬದಲಿಸಿ ಜೀವ ಕೊಡುವವರೆಗೆ ಕಾಕಾ ಸರಿಯಾಗಿ ಉಣ್ಣಲಿಲ್ಲ.

ಹಾಗೆ ಒಂದೊಂದೇ ಹೊರಗೆ ಹೋಗಿ, ಮೊದಲು ಹೇಳಿದ ಆ ದಿನಕ್ಕೆ ಉಳಿದಿದ್ದು ಒಂದೇ ಸಿ.ಡಿ. ಕ್ಲಾಸಿನ ಬಾಗಿಲು ತೆಗೆಯುತ್ತಾ ಕಾಕಾ ಹೇಳಿದರು: “ಗುಜರಿಯಾಂವಗ ಸಂಜೀಕ ಬಾ ಅಂದೇನಿ. ಇದೂ ಒದೀತಂದ್ರ ಎಲ್ಲಾ ಹಾಕಿಬಿಡೂದು. ಬೋರ್ಡೂ ಸೈತ.”

ಬೋರ್ಡು ನೋಡಿದೆ. ತಗಡಿನ ಮೇಲೆ ಕಾಕಾರ ಹೆಸರಿನ ಬಿಳಿ ಬಣ್ಣ ಚಕ್ಕೆ ಎದ್ದಿತ್ತು. ಒಳಗೆ ಟೈಪ್‌ರೈಟರುಗಳ ಮೇಲೆ ಕಾಕಾ ತಾವೇ ಹೊಲಿದ ಹೊದಿಕೆಗಳು, ಪ್ರತಿಯೊಂದರ ಅಂಚಿಗೂ ಕೆಂಪು ದಾರ. ನಾನು ಎಡಬದಿಗೆ ಕೂತು ಸೆರಗು ಸಿಕ್ಕಿಸಿ ಸಿ.ಡಿ. ತಳ್ಳಿದೆ.

ಡೋಲಿನಂಥ ಸದ್ದಾಯಿತು. ಹೊಲದ ಮಣ್ಣಿನ ಬಣ್ಣದ ಪರದೆ ಮೂಡಿತು. ಇದು ಗೂಟಕ್ಕೆ ಕಟ್ಟುವ ಮೊದಲೇ, ಅಂದರೆ ಪೆಟ್ಟಿಗೆಯೊಳಗೆ ಇಳಿಸದೆಯೇ, ಸಿ.ಡಿ.ಯಿಂದಲೇ ಹಿಂಡಲು ಬಿಡುವ ಜಾತಿಯಂತೆ! ನೀ ಯಾರು ಎಂದು ಕೇಳಲೂ ಇಲ್ಲ.

“ಮೈಬಣ್ಣ ಚಲೋ ಐತಿ,” ಎಂದರು ಕಾಕಾ, ಪಿಸುಮಾತಿನಲ್ಲಿ. “ಅದಕ್ಕ ಗದ್ದಲಾ ಮಾಡಬ್ಯಾಡ. ಬರಿ ಏನರ.”

ಬರೆಯುವ ಕಿಟಕಿ ತೆರೆದು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆಯನ್ನು ಟೈಪ್ ಮಾಡಿದೆ. ಅದು ಮುಗಿದ ಮೇಲೆ ಹಾಲುಕ್ಕಿದ್ದು ಬರೆದೆ, ಅತ್ತೆಯವರ ಮೂಗಿನ ಬಗ್ಗೆ ಬರೆದೆ. ಏನೋ ಹುರುಪು! ತಿರುಗಿ ನೋಡಿದರೆ ಕಾಕಾ ಪರದೆಯನ್ನು ನೋಡುತ್ತಲೇ ಇಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ನನ್ನ ಬೆರಳಿನ ಸದ್ದು ಕೇಳುತ್ತಿದ್ದಾರೆ. ಆಗ ನನಗೂ ಹೊಳೆಯಿತು, ಇಷ್ಟು ಹೊತ್ತು ನಾನು ಕೀಲಿಗಳನ್ನು ನೋಡಿಯೇ ಇರಲಿಲ್ಲ.

“ಸಾಕು. ಏಳು,” ಎಂದರು. ಸಂಜೆಯ ಸರದಿಗೂ ಕಾಯಲಿಲ್ಲ! ಕೊಡೆ ತೆಗೆದುಕೊಂಡು ಹೊರಟೇಬಿಟ್ಟರು.

“ಕಾಕಾ, ಚಲೋ ಇತ್ತಲ್ರಿ! ಒದೀಲಿಲ್ಲಲ್ರಿ!” ಎಂದು ನಾನು ಬಾಗಿಲವರೆಗೆ ಓಡಿದೆ. ಅವರು ಆಗಲೇ ಪೇಟೆಯ ಕಡೆ ದಾಪುಗಾಲು ಹಾಕಿದ್ದರು.

ಮಧ್ಯಾಹ್ನವೆಲ್ಲಾ ಮನಸ್ಸು ನಿಲ್ಲಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಎರಡು ಸಲ ಹಾಕಿದೆ. ಸಂಜೆ ಗುಜರಿಯವನ ಕೈಗಾಡಿ ಓಣಿಯ ಮೂಲೆಗೆ ತಿರುಗಿದ್ದು ಕಿಟಕಿಯಿಂದ ಕಾಣಿಸಿತು. ತಗಡಿನ ಸದ್ದು ಕೇಳಿಸಿತು. ನೀಲಿ ಸೀರೆ ಬಿಚ್ಚಿ ನೀರಿಗೆ ಹಾಕಿದೆ. ಇನ್ನೇನು ಕೆಲಸ ಅದಕ್ಕೆ? ಹೊತ್ತು ಮುಳುಗಿತು. ನಾವು ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ. ಎಂದೂ ಹೊತ್ತು ಮುಳುಗುವ ಮೊದಲಿನ ಊಟ ತಪ್ಪಿಸದ ಕಾಕಾ ಅವತ್ತು ಬರಲೇ ಇಲ್ಲ. ಅತ್ತೆಯವರು ಮುಚ್ಚಿಟ್ಟ ತಟ್ಟೆಯನ್ನು ನೋಡಿ, “ಇವತ್ತ ಉಪಾಸ ಅಂವಾ” ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಬಾಜೂ ಮನೆಯ ಅಕ್ಕಾತಾಯಿ ಬಟ್ಟಲು ಹಿಡಿದು ಗೋಡೆಯಾಚೆಯಿಂದ ಇಣುಕಿದಳು.

“ಒಂದೀಟ ಹೆಪ್ಪಿದ್ರ ಕೊಡ್ರಿ. ಅಲ್ಲಾ, ನಿಮ್ಮ ಕಾಕಾ ಊಟಾ ಬಿಟ್ಟು ಕ್ಲಾಸಿನ ಮುಂದ ಏಣಿ ಹಿಡಕೊಂಡ ನಿಂತಾರಲ್ರಿ! ಗುಜರಿಯಾಂವಗ ತಮ್ಮ ಹೆಸರಿನ ಹಳೇ ಬೋರ್ಡ್ ಅಷ್ಟ ಕೊಟ್ಟ ಕಳಿಸಿದ್ರು. ಹೊಸಾದರ ಮ್ಯಾಲ ಪೇಂಟರ್ ನಿಮ್ಮ ಹೆಸರು ಬರಿಯಾಕತ್ತಾನು, ಮುಂದ ಟೀಚರ್ ಅಂತ... ಹುಳಿ ಹೆಪ್ಪ ಬ್ಯಾಡ ಮತ್ತ, ಮನ್ನಿ ಮೊಸರ ಕೆಟ್ಟಿತ್ತು.”