ಬಲಕ್ಕೊಂದು ಹರಕೆ

ಮನುಷ್ಯನಿಗೆ ಒಂದಾದರೂ ಕೆಲಸ ಬಾರದೇ ಇರಬೇಕು. ಇಲ್ಲದಿದ್ದರೆ ಮನೆಯವರಿಗೆ ಆಡಿಕೊಳ್ಳಲು ಏನೂ ಸಿಗದೆ ಸಂಸಾರ ಸಪ್ಪೆಯಾಗುತ್ತದೆ. ಕೆಲವರಿಗೆ ಈಜು ಬಾರದು, ಕೆಲವರಿಗೆ ಚಪಾತಿ ದುಂಡಗೆ ಬಾರದು. ನನಗೆ ಸ್ಕೂಟರನ್ನು ಬಲಕ್ಕೆ ತಿರುಗಿಸಲು ಬಾರದು. ಎಡಕ್ಕೆ ಎಷ್ಟು ಸಲ ಬೇಕಾದರೂ ತಿರುಗಿಸಿಯೇನು, ನೇರವಾಗಿ ಹೋಗೆಂದರೆ ಬ್ಯಾಡರಹಳ್ಳಿಯವರೆಗೂ ಹೋದೇನು. ಬಲಕ್ಕೆ ಅಂದ ಕೂಡಲೇ ಎದುರಿನ ಬಸ್ಸು, ನೀರಿನ ಟ್ಯಾಂಕರು, ಆಟೊಗಳೆಲ್ಲ ನನ್ನನ್ನೇ ಹುಡುಕಿಕೊಂಡು ಬಂದಂತೆ ಕಾಣುತ್ತವೆ. ಒಮ್ಮೆ ಧೈರ್ಯ ಮಾಡಿ ಇಂಡಿಕೇಟರ್ ಹಾಕಿಕೊಂಡು ರಸ್ತೆಯ ನಡುವೆ ನಿಂತೆ. ಎಷ್ಟು ಹೊತ್ತು ನಿಂತೆನೆಂದರೆ, ಎಳನೀರಿನವನು ಬಂದು “ಯಾರಿಗೆ ಕಾಯ್ತಾ ಇದೀರಾ ಸಾರ್?” ಎಂದು ವಿಚಾರಿಸಿದ. ಅಂದಿಗೆ ಆ ಸಾಹಸ ಬಿಟ್ಟೆ. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಸಲ ಬಲಕ್ಕೆ ತಿರುಗಿದಂತೆಯೇ ಎಂಬ ರೇಖಾಗಣಿತವನ್ನು ನಂಬಿಕೊಂಡು ಇಪ್ಪತ್ತು ವರ್ಷ ಬಸವೇಶ್ವರನಗರದಲ್ಲಿ ಬಾಳಿದ್ದೇನೆ. ಮೊನ್ನೆ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್, “ಸಾರ್, ಲೆಫ್ಟ್ ಇಂಡಿಕೇಟರ್ ಬಲ್ಬು ಮೂರು ಸಲ ಚೇಂಜ್ ಮಾಡಿದೀನಿ. ರೈಟಿಂದು ಶೋರೂಮಿಂದ ಬಂದಂಗೇ ಇದೆ” ಅಂದ. “ನಮ್ಮೆಜಮಾನ್ರಿಗೆ ಎಲ್ಲಾ ಇದೆ, ಬಲ ಒಂದಿಲ್ಲ” ಎಂದು ನನ್ನ ಹೆಂಡತಿ ಗಿರಿಜಾ ನೆಂಟರ ಮುಂದೆಲ್ಲ ಹೇಳುತ್ತಾಳೆ.

ಇದು ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ದಾವಣಗೆರೆಯಿಂದ ಅತ್ತೆಯವರು ನಮ್ಮ ಮನೆಗೆ ಬಂದು ನೆಲೆಸಿದರು. ಸೋಮವಾರ ಬೆಳಿಗ್ಗೆ ಅವರಿಗೆ ಈಶ್ವರನ ಗುಡಿಗೆ ಹೋಗಲೇಬೇಕು. ನಮ್ಮ ಅಡ್ಡರಸ್ತೆಯ ತುದಿಯಲ್ಲಿ ಬಲಕ್ಕೆ ತಿರುಗಿದರೆ ಗುಡಿ ನಾಲ್ಕು ನಿಮಿಷದ ದಾರಿ. ನನ್ನ ರೇಖಾಗಣಿತದ ಪ್ರಕಾರ ಹೋದರೆ ಅರ್ಧ ರಾಜಾಜಿನಗರ ಸುತ್ತಿಕೊಂಡು ನಲವತ್ತು ನಿಮಿಷ. ಅತ್ತೆಯವರು ತುರುಬಿನ ಮೇಲೆ ಹೆಲ್ಮೆಟ್ ಒತ್ತಿಕೊಂಡು, ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಅಷ್ಟು ಹೊತ್ತೂ ಒಂದು ಮಾತಾಡದೆ ಹಿಂದೆ ಕೂತಿರುತ್ತಿದ್ದರು. ಬೈದಿದ್ದರೆ ಸಹಿಸಬಹುದಿತ್ತು. ಆ ಮೌನಕ್ಕೆ ನನ್ನ ಮಾನ ವಾರವಾರವೂ ಕರಗುತ್ತಿತ್ತು.

ಕೊನೆಗೊಂದು ಭಾನುವಾರ, ಏಪ್ರಿಲ್ ತಿಂಗಳಿರಬೇಕು, ಮೊಬೈಲಿನಲ್ಲಿ ನೋಡಿಯಾದರೂ ಕಲಿಯೋಣವೆಂದು ‘ಬೈಕ್ ತಿರುಗಿಸುವುದು ಹೇಗೆ’ ಎಂದು ಹುಡುಕಿದೆ. ಮೊಬೈಲು ಅದನ್ನು ಏನೆಂದು ತಿಳಿದುಕೊಂಡಿತೋ, ಪೋಲೆಂಡಿನ ಸ್ಪೀಡ್‌ವೇ ಎಂಬ ಬೈಕ್ ಓಟದ ಲೀಗನ್ನು ತಂದು ಮುಂದಿಟ್ಟಿತು. ಮಣ್ಣಿನ ದುಂಡು ಹಾದಿ. ಒಂದೊಂದು ಓಟಕ್ಕೆ ತಂಡಕ್ಕೆರಡರಂತೆ ನಾಲ್ಕು ಬೈಕು, ನಾಲ್ಕು ಸುತ್ತು, ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಮೊದಲು ಬಂದವನಿಗೆ ಮೂರು ಅಂಕ, ಆಮೇಲಿನವರಿಗೆ ಎರಡು, ಒಂದು, ಕೊನೆಯವನಿಗೆ ಸೊನ್ನೆ. ಆ ಬೈಕುಗಳಿಗೆ ಗೇರು ಒಂದೇ, ಬ್ರೇಕೇ ಇಲ್ಲ. ಇದೆಲ್ಲಕ್ಕಿಂತ ನನ್ನನ್ನು ರೋಮಾಂಚನಗೊಳಿಸಿದ ಸಂಗತಿಯೆಂದರೆ, ಅವರೆಲ್ಲ ತಿರುಗುವುದು ಬರೀ ಎಡಕ್ಕೆ. ಇಡೀ ಋತುವಿನಲ್ಲಿ ಒಬ್ಬನೇ ಒಬ್ಬನೂ ಬಲಕ್ಕೆ ತಿರುಗುವುದಿಲ್ಲ, ಆದರೂ ಜನ ದುಡ್ಡು ಕೊಟ್ಟು ಬಂದು ಚಪ್ಪಾಳೆ ತಟ್ಟುತ್ತಾರೆ. ನನ್ನ ಕುಲದವರು ಭೂಮಿಯ ಮೇಲೆ ಇದ್ದಾರೆಂದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ತಿರುವಿನಲ್ಲಿ ಅವರು ಎಡಗಾಲು ನೆಲಕ್ಕೆ ಬಿಟ್ಟು ಜಾರಿಸುವುದನ್ನು ನೋಡಿ ಗಿರಿಜಾ, “ನೀವೂ ಹಿಂಗೇ ಕಾಲು ಎಳ್ಕೊಂಡು ಓಡಿಸ್ತೀರಲ್ಲ ರೀ, ಇಲ್ಲಿ ಹುಟ್ಟಿದ್ದು ವೇಸ್ಟು” ಅಂದಳು.

ಅಂದಿನಿಂದ ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಧಾರಾವಾಹಿ ಬಂದ್ ಆಯಿತು. ಎಂಟು ತಂಡಗಳಲ್ಲಿ ಹಾಲಿನ ಪ್ಯಾಕೆಟ್ಟಿನ ನೀಲಿ ಬಣ್ಣದ್ದೊಂದು ಕಂಡಿತು, ಅದನ್ನೇ ನಮ್ಮದು ಮಾಡಿಕೊಂಡೆವು. ಅದರಲ್ಲೊಬ್ಬ ದಪ್ಪ ಮೀಸೆಯ, ನಲವತ್ತು ದಾಟಿದ ಸವಾರ. ಅವನ ಹೆಸರಿನಲ್ಲಿ ವ್ಯಂಜನಗಳೇ ತುಂಬಿಕೊಂಡು ಸ್ವರಕ್ಕೆ ಜಾಗವಿರಲಿಲ್ಲವಾದ್ದರಿಂದ ಅತ್ತೆಯವರು ಬಸಣ್ಣ ಎಂದು ನಾಮಕರಣ ಮಾಡಿದರು. ಮೊದಮೊದಲು ಅವರಿಗೆ ಒಂದೇ ಆತಂಕ. “ಅಲ್ರೀ, ಇವ್ರು ಅಪ್ರದಕ್ಷಿಣೆ ಹಾಕ್ತಾರಲ್ರೀ, ಒಳ್ಳೇದಾಗ್ತದಾ?” ಎಂದು ಕೇಳಿದರು. ಈಶ್ವರನ ಗುಡಿಯಲ್ಲಿ ಅರ್ಧ ಸುತ್ತಿ ಹಿಂದಕ್ಕೆ ಬರುವುದಿಲ್ಲವೇ, ಹಾಗೇ ಇದೂ ಎಂದು ನಾನು ಸಮಾಧಾನ ಹೇಳಿದೆ. ಪೋಲೆಂಡಿನವರ ಪರವಾಗಿ ಶಾಸ್ತ್ರ ಹೇಳುವ ಕಾಲವೂ ಬಂತು.

ಅವರ ಮಾತಿನಲ್ಲಿ ಸತ್ಯವಿತ್ತೋ ಏನೋ, ನಮ್ಮ ತಂಡ ಎಡಬಿಡದೆ ಸೋತಿತು. ಆಗಸ್ಟ್ ಕೊನೆಗೆ ಪಟ್ಟಿಯ ತಳದಲ್ಲಿತ್ತು. ತಳದಲ್ಲೇ ಉಳಿದರೆ ಮುಂದಿನ ವರ್ಷ ಕೆಳಗಿನ ದರ್ಜೆಗೆ ಇಳಿಯಬೇಕು, ಬಸಣ್ಣ ಮತ್ತೆ ನಮ್ಮ ಮೊಬೈಲಿಗೆ ಬರುವುದು ಸಂದೇಹ. ನನಗೆ ಊಟ ಸೇರದಾಯಿತು. ಒಂದು ಸಂಜೆ ಅತ್ತೆಯವರು ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡುತ್ತಿದ್ದವರು, “ಇಲ್ನೋಡ್ರಿ ಅಳಿಯಂದ್ರೆ, ಎಡಕ್ಕೆ ಹೋಗೋ ಬಸಣ್ಣನೂ ಹ್ಯಾಂಡಲ್ಲು ಬಲಕ್ಕೇ ತಿರುಗ್ಸಿರ್ತಾನೆ. ಆ ಮನಷಾಗೆ ಆಗೋದು ನಿಮಗ್ಯಾಕೆ ಆಗಲ್ಲ?” ಎಂದರು. ನೋಡಿದೆ, ನಿಜ. ಹಿಂದಿನ ಚಕ್ರ ಜಾರುವಾಗ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ. ನನ್ನ ಕುಲದವರೇ ನನಗೆ ಕೈಕೊಟ್ಟರು. ಅತ್ತೆಯವರು ಅಷ್ಟಕ್ಕೆ ಬಿಡದೆ ದೇವರ ಗೂಡಿನ ಮುಂದೆ ಹೋಗಿ, “ಈಶ್ವರಾ, ಬಸಣ್ಣನ ತಂಡ ಉಳಿಸಪ್ಪ. ಉಳಿದ್ರೆ ನಮ್ಮ ಅಳಿಯಂದ್ರು ಬಲಕ್ಕೆ ತಿರುಗ್ಸಿ ನಿನ್ನ ಗುಡಿಗೆ ಬರ್ತಾರೆ” ಎಂದು ಹರಕೆ ಹೊತ್ತುಬಿಟ್ಟರು. ಹರಕೆ ಹೊರುವವರು ಒಬ್ಬರು, ತೀರಿಸುವವನು ಇನ್ನೊಬ್ಬ. ಅಳಿಯನಾಗುವುದೆಂದರೆ ಇದೇ ಇರಬೇಕು.

ಕೊನೆಯ ಪಂದ್ಯದ ಭಾನುವಾರ ನನ್ನ ಸ್ಥಿತಿ ಶತ್ರುವಿಗೂ ಬೇಡ. ಗೆದ್ದರೆ ತಂಡ ಉಳಿಯುತ್ತದೆ, ನಾಳೆ ಬೆಳಿಗ್ಗೆ ನಾನು ಉಳಿಯುವುದು ಅನುಮಾನ. ಸೋತರೆ ನಾನು ಉಳಿಯುತ್ತೇನೆ, ಬಸಣ್ಣ ಹೋಗುತ್ತಾನೆ. ಹದಿನಾಲ್ಕು ಓಟ ಮುಗಿದಾಗ ನಲವತ್ತೆರಡಕ್ಕೆ ನಲವತ್ತೆರಡು. ಕೊನೆಯ ಓಟದಲ್ಲಿ ಬಸಣ್ಣ ಎರಡನೆಯವನಾಗಿ ಓಡುತ್ತಿದ್ದ. ಹಾಗೇ ಇದ್ದುಬಿಡಪ್ಪ ಎಂದು ಒಳಗಿನ ಹೇಡಿ ಹೇಳುತ್ತಿದ್ದಾಗ, ಕೊನೆಯ ತಿರುವಿನಲ್ಲಿ ಅವನು ಹೊರಗಡೆಯಿಂದ, ಬೇಲಿಗೆ ಮೈ ತಾಗಿಸುವಷ್ಟು ಹತ್ತಿರದಿಂದ ನುಗ್ಗಿದ. “ಹೋಗೋ ಬಸಣ್ಣ, ಹೋಗೋ” ಎಂದು ಯಾರೋ ಕೂಗಿದರು. ನೋಡಿದರೆ ನಾನೇ. ಅವನು ಗೆದ್ದ, ಜೊತೆಯವನು ಮೂರನೆಯವನಾದ, ನಲವತ್ತಾರಕ್ಕೆ ನಲವತ್ತನಾಲ್ಕು. ಐವತ್ತೆರಡು ವರ್ಷದಲ್ಲಿ ಅಷ್ಟು ಸಂತೋಷವಾದದ್ದು ನನಗೆ ನೆನಪಿಲ್ಲ. ಅತ್ತೆಯವರು ಎಲ್ಲರಿಗೂ ಬೆಲ್ಲ ಕೊಟ್ಟು, “ಬೆಳಿಗ್ಗೆ ಆರೂವರೆಗೆ ರೆಡಿ ಇರ್ರಿ” ಅಂದರು.

ಬೆಳಿಗ್ಗೆ ಅಡ್ಡರಸ್ತೆಯ ತುದಿಯಲ್ಲಿ ನಿಂತು ಬಲಗಡೆಯ ಇಂಡಿಕೇಟರ್ ಹಾಕಿದೆ. ಇಷ್ಟು ವರ್ಷ ಸುಮ್ಮನಿದ್ದದ್ದು ಟಿಕ್ ಟಿಕ್ ಎನ್ನತೊಡಗಿತು. ಒಂದು ಬಸ್ಸು ಹೋಯಿತು, ಹಾಲಿನ ವ್ಯಾನು ಹೋಯಿತು. ಬೆನ್ನ ಹಿಂದಿನಿಂದ “ನಮಃ ಶಿವಾಯ” ಕೇಳಿಸುತ್ತಿತ್ತು. ಬಸಣ್ಣನನ್ನು ನೆನೆದು ಹ್ಯಾಂಡಲ್ ತಿರುಗಿಸಿದೆ. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಬೈಯಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಾನು ಜೀವಂತವಾಗಿದ್ದೆ.

ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಮೆಚ್ಚುಗೆಗಾಗಿ ಹಿಂದಕ್ಕೆ ತಿರುಗಿದೆ. ಅತ್ತೆಯವರ ಮುಖ ಬಾಡಿತ್ತು.

“ಬಂದೇ ಬಿಡ್ತಾ? ಇಷ್ಟೇನಾ?”

“ಇಷ್ಟೇ ಅತ್ತೆ. ನಾಲ್ಕೇ ನಿಮಿಷ.”

“ಆ ಸೀರೆ ಅಂಗಡಿ ಗೊಂಬೆ ಈ ವಾರ ಯಾವ ಸೀರೆ ಉಟ್ಟೈತೋ ನೋಡಂಗಾಗಲಿಲ್ಲ” ಎಂದರು. “ನರ್ಸರಿಯಾಗಿನ ಗುಲಾಬಿ ಬಿಟ್ಟಿರಬೇಕು. ಸೋಮವಾರ ಸೋಮವಾರ ಊರೆಲ್ಲಾ ನೋಡ್ತಿದ್ದೆ ನಾನು. ಹರಕೆ ಒಂದೇ ಸಲ ತೀರ್ಸೋದು ಅಳಿಯಂದ್ರೆ. ಬರೋ ವಾರದಿಂದ ಎಡಕ್ಕೇ ಹೋಗೋಣ.”

ಹಾಗಾಗಿ ಈಗಲೂ ಸೋಮವಾರ ನಾವು ಎಡಕ್ಕೇ ತಿರುಗುತ್ತೇವೆ. ಮೊದಲು ಭಯದಿಂದ ತಿರುಗುತ್ತಿದ್ದೆ, ಈಗ ಅತ್ತೆಯವರ ಮೇಲಿನ ಭಕ್ತಿಯಿಂದ ತಿರುಗುತ್ತೇನೆ ಎಂದು ಗಿರಿಜಾಗೆ ವಿವರಿಸಿದೆ. ಅವಳು ನಂಬಲಿಲ್ಲ. ನಾನು ಬಲಕ್ಕೆ ತಿರುಗಿದ್ದೇ ಸುಳ್ಳು ಎಂಬ ಗುಮಾನಿ ಅವಳದು. ಸಾಕ್ಷಿ ಹೇಳಿ ಎಂದರೆ ಅತ್ತೆಯವರು, “ನಂಗೇನು ಗೊತ್ತವ್ವಾ, ಆ ತಿರುವಿನಾಗೆ ನಾ ಕಣ್ಣು ಮುಚ್ಕೊಂಡಿದ್ದೆ” ಅಂದುಬಿಟ್ಟರು. ಅವರನ್ನು ಹೇಗೆ ದೂರಲಿ? ನಾನೂ ಮುಚ್ಚಿಕೊಂಡಿದ್ದೆ.