ಕಂಬವಿಲ್ಲದ ಬುರುಜು

ಬೆಳಗಿನ ಪ್ರಾರ್ಥನೆಯಾದ ಮೇಲೆ ಇಂಗ್ಲಿಷ್-ಕನ್ನಡ ನಿಘಂಟಿನ ಒಂದು ಪದ ಓದದೆ ನಾನು ಒಲೆ ಹಚ್ಚುವವಳಲ್ಲ. ನಾಲ್ಕನೇ ತರಗತಿಗೇ ಶಾಲೆ ನನ್ನನ್ನು ಬಿಟ್ಟಿತು; ಓದನ್ನು ನಾನು ಬಿಟ್ಟಿಲ್ಲ. ಅಂದು ಸಿಕ್ಕಿದ್ದು ‘ಫೋರ್ಟಿಫಿಕೇಶನ್’.

“ರೀ, ಕೇಳಿ. ಕೋಟೆ ಕಟ್ಟೋದು, ಭದ್ರ ಮಾಡೋದು. ಮೂಲ ಲ್ಯಾಟಿನ್ ಅಂತೆ. ‘ಬಲ’ ಅನ್ನೋದಕ್ಕೆ ‘ಮಾಡು’ ಅನ್ನೋದು ಸೇರಿದೆ.”

“ಹಿಟ್ಟಿನ ಪೊಟ್ಟಣದ ಮೇಲೂ ಬರೆದಿರ್ತಾರಲ್ಲ?” ಎಂದರು ಯಜಮಾನರು. ಅವರದು ಪಂಕ್ಚರ್ ಅಂಗಡಿ.

“ಅದು ಕಬ್ಬಿಣದ ಸತ್ವ ಬೆರೆಸೋ ಅರ್ಥ. ನಾನು ಮೊದಲನೇದನ್ನೇ ಹಿಡೀತೀನಿ. ಇವತ್ತು ಹಿತ್ತಿಲಿಗೆ ಕೋಟೆ.”

“ಯಾವ ರಾಜ ದಂಡೆತ್ತಿ ಬರ್ತಿದ್ದಾನೆ?”

“ಪಕ್ಕದ ಮನೆ ಬೆಕ್ಕು.”

“ಬೆಕ್ಕೋ, ಅತ್ತಿಗೆಯೋ?” ಎಂದು ನಕ್ಕು ಅವರು ಅಂಗಡಿಗೆ ಹೋದರು.

ಪಕ್ಕದ ಮನೆ ನಾನು ಅಕ್ಕ ಅನ್ನುವ ನನ್ನ ವಾರಗಿತ್ತಿಯದು. ಹಿತ್ತಿಲ ಗೋಡೆ ಕುಸಿದ ಮೂಲೆಯಲ್ಲಿ ನಿಂತು ಹದಿನೆಂಟು ವರ್ಷ ಅಕ್ಕ ಮಾತಾಡಿದ್ದರು, ನಾನು ಕೇಳಿದ್ದೆ. ಒಂದು ದಿನ ಅವರ ಹಲ್ಲುನೋವಿನ ಕಥೆಯ ನಡುವೆ ನನಗೆ ತೂಕಡಿಕೆ ಬಂತು. ಅಲ್ಲಿಗೆ ಮಾತು ನಿಂತಿತು. ಹನ್ನೊಂದು ತಿಂಗಳಿಂದ ನನ್ನ ಕಿವಿಗೆ ಕೆಲಸವಿಲ್ಲ. ಆ ಮೂಲೆಯಿಂದ ಅವರ ಅಡುಗೆಮನೆಯ ಕಿಟಕಿ ಕಾಣುತ್ತದೆ. ಕಂಡಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತೇನೆ. ಕಾಣದಿದ್ದರೆ ವಾಸಿ ಅನ್ನಿಸಿತ್ತು. ಬೆಕ್ಕಿನ ಮೇಲೆ ಹಾಕಿದ್ದು ಬರೀ ನೆಪ. ದೇವರೆದುರು ಅಷ್ಟು ಒಪ್ಪಿಕೊಂಡೇ ಸೆರಗು ಬಿಗಿದೆ.

ಅಂಗಡಿಯ ಹಳೇ ಕಾರು ಟೈರುಗಳು ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು. ಗೋಡೆ ಕುಸಿದ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದೆ, ಬುರುಜು ವಾಲಿತು. ಮತ್ತೆ ಪೇರಿಸಿದೆ, ಮತ್ತೆ ವಾಲಿತು. ನಡುವೆ ಒಂದು ಕಂಬ ಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ನಾನೇ ನಿಂತೆ. ಒಂದೊಂದೇ ಟೈರನ್ನು ತಲೆಯ ಮೇಲಿಂದ ಬಳೆ ತೊಟ್ಟಂತೆ ಇಳಿಸಿಕೊಂಡೆ. ಐದನೆಯದು ಎದೆಮಟ್ಟಕ್ಕೆ ಬಂದು ಗೋಡೆಗೆ ಕಚ್ಚಿಕೊಂಡಿತು. ಇತಿಹಾಸದಲ್ಲಿ ಇಷ್ಟು ಭದ್ರವಾದ ಬುರುಜು ಇರಲಿಕ್ಕಿಲ್ಲ. ಕಟ್ಟಿದವಳಿಗೇ ಹೊರಗೆ ಬರಲು ದಾರಿಯಿರಲಿಲ್ಲ.

ಅತ್ತ ಬಟ್ಟೆ ಒಣಹಾಕಲು ಬಂದ ಅಕ್ಕ ನಿಂತುಬಿಟ್ಟರು.

“ಏನೇ ಇದು?”

“ಕೋಟೆ, ಅಕ್ಕ.”

“ಒಳಗೇನು ಮಾಡ್ತಿದ್ದೀಯ?”

“ಕಂಬ.”

ಅವರ ತುಟಿ ನಡುಗಿತು. ಬೈಗುಳಕ್ಕೆ ತಯಾರಾದೆ, ಬಂದದ್ದು ನಗು. ಕೈಲಿದ್ದ ಒದ್ದೆ ಸೀರೆಯಲ್ಲೇ ಕಣ್ಣೊರೆಸಿಕೊಂಡರು. “ನೀನು ಹೀಗೆ ಅಂತ ನಿನ್ನ ಮದುವೆ ದಿನವೇ ನಿನ್ನ ಭಾವನಿಗೆ ಹೇಳಿದ್ದೆ ಕಣೇ. ಅವರ ಕಾಲಿನದು ಕೇಳಿದ್ಯೋ ಇಲ್ವೋ? ನಿನಗ್ಯಾರು ಹೇಳ್ತಾರೆ. ಹೋದ ವಾರ ಮೆಟ್ಟಿಲ ಮೇಲೆ...” ಎಂದು ಶುರುವಾಯಿತು. ಕಾಲು, ವೈದ್ಯರು, ವೈದ್ಯರ ಹೆಂಡತಿ, ಆಕೆಯ ತಮ್ಮ, ಅವನೊಂದಿಗಿನ ನಿಶ್ಚಿತಾರ್ಥ ಮುರಿದುಕೊಂಡ ಹುಡುಗಿ. ಬಿಸಿಲು ಏರಿತು. ನನ್ನ ಕಾಲು ಜೋಮು ಹಿಡಿದಿತ್ತು, ಮೂಗಿನ ಮೇಲೆ ನೊಣ ಕೂತಿತ್ತು.

ಅಕ್ಕ ಥಟ್ಟನೆ ನಿಲ್ಲಿಸಿದರು. “ಅಯ್ಯೋ, ನಿನ್ನ ಅಲ್ಲೇ ಬಿಟ್ಟು ನಾನು ಹರಟ್ತಿದ್ದೀನಲ್ಲ. ತಡಿ, ಬಂದು ಒಂದೊಂದೇ ಟೈರು ಎತ್ತಿಬಿಡ್ತೀನಿ.”

“ಬೇಡ ಅಕ್ಕ,” ಎಂದೆ. “ಆ ಹುಡುಗಿ ಆಮೇಲೆ ಏನಂದ್ಲು?”