ಭೀಮ್ಯಾನ ಅಳತೆಯ ಕಾರು

ನಮ್ಮ ಸೋದರಮಾವ ಕಾರು ಕೊಳ್ಳಲು ಹೊರಟಾಗ ಎಂಜಿನ್ ನೋಡಲಿಲ್ಲ, ಟೈರು ನೋಡಲಿಲ್ಲ, ಎಷ್ಟು ಓಡಿದೆ ಎಂದು ಕೇಳಲಿಲ್ಲ. ಕಂಕುಳಲ್ಲಿದ್ದ ಕಾಗದದ ನಾಯಿಯೊಂದನ್ನು ಬಿಚ್ಚಿ ಕಾರಿನೊಳಗೆ ಹಾಸಿ ನೋಡಿದರು. ಇಡೀ ಹೈದರಾಬಾದಿನಲ್ಲಿ ಹೀಗೆ ಕಾರು ನೋಡಿದವರು ಇನ್ನೊಬ್ಬರಿದ್ದರೆ ತೋರಿಸಿ, ನಾನು ಅವರ ಕಾಲಿಗೆ ಬೀಳುತ್ತೇನೆ.

ಇದಕ್ಕೆಲ್ಲ ಕಾರಣ ಭೀಮ್ಯಾ. ಮಾಮಾ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ, ‘ಸ್ವಲ್ಪ ದಿನ ಇಟ್ಟುಕೊಂಡಿರಿ’ ಎಂದು ಬಿಟ್ಟುಹೋದ ನಾಯಿಮರಿ ಅದು. ಸಾಹೇಬರು ತಿರುಗಿ ಬರಲಿಲ್ಲ. ಮರಿ ಮಾತ್ರ ಬೆಳೆಯಿತು, ಬೆಳೆಯಿತು, ಕರುವಿನ ಗಾತ್ರ ದಾಟಿದ ಮೇಲೂ ಬೆಳೆಯಿತು. ಈಗ ವಯಸ್ಸಾಗಿ ಹಿಂಗಾಲುಗಳು ಸೋತಿವೆ. ವಾರಕ್ಕೊಮ್ಮೆ ಸಿಕಂದರಾಬಾದಿನ ಪಶುವೈದ್ಯರ ಹತ್ತಿರ ಕರೆತಂದರೆ ಮಾತ್ರ ನಡೆದಾಡಿಕೊಂಡಿರುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಆದರೆ ಕರೆತರುವುದು ಹೇಗೆ? ಭೀಮ್ಯಾನನ್ನು ಕಂಡರೆ ಆಟೋದವರು ಮೀಟರಿನ ಜೊತೆ ಮುಖವನ್ನೂ ತಿರುಗಿಸುತ್ತಿದ್ದರು. ಒಬ್ಬ ಮಾತ್ರ ನಿಲ್ಲಿಸಿ, “ಸಾಬ್, ಯೇ ಕುತ್ತಾ ಹೈ ಯಾ ಘೋಡಾ?” ಎಂದು ಕೇಳಿದ.

“ಕುದುರಿ ಅಂದ್ರ ಅಂವಗ ಮನಸ್ಸಿಗೆ ಹತ್ತತೈತಿ. ನಡಿ, ಕಾರೇ ತೊಗೊಳ್ಳೂಣು” ಎಂದರು ಮಾಮಾ ನನಗೆ.

ಅತ್ತೆ ಸುಮ್ಮನಿರುತ್ತಾರೆಯೇ? “ಲಗ್ನ ಆದಾಗಿಂದ ನನ್ನನ್ನ ಸ್ಕೂಟರ್ ಮ್ಯಾಲೇ ತಿರುಗಿಸಿದ್ರಿ. ಈಗ ನಾಯಿಗೆ ಕಾರು ಬೇಕಾತೇನ್ರಿ?”

“ಸ್ಕೂಟರ್ ಮ್ಯಾಲೆ ನೀ ಹಿಡಕೊಂಡು ಕೂಡ್ರತಿ. ಅಂವಗ ಕೈ ಇಲ್ಲಲ್ಲ” ಎಂದರು ಮಾಮಾ, ಬಹಳ ಗಂಭೀರವಾಗಿ.

ನಿವೃತ್ತಿಯ ದುಡ್ಡಿನಲ್ಲಿ ಹೊಸ ಕಾರು ಕನಸಿನ ಮಾತು. ಹಾಗಾಗಿ ಹಳೆಯದನ್ನು ಹುಡುಕತೊಡಗಿದೆವು. ಅಮೀರ್‌ಪೇಟ್ ಕಡೆಯ ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಮರ್ಯಾದೆಯಿಂದ, ಮನೆಯಲ್ಲಿ ಎಷ್ಟು ಜನ ಎಂದು ಹಿಂದಿಯಲ್ಲಿ ಕೇಳಿದ.

“ದೋ ಬೈಠ್ತೇ, ಏಕ್ ಲೇಟ್ತಾ” ಎಂದರು ಮಾಮಾ. ಇಬ್ಬರು ಕೂರುತ್ತಾರೆ, ಒಬ್ಬ ಮಲಗುತ್ತಾನೆ!

ಹಾಸಿಗೆ ಹಿಡಿದ ರೋಗಿ ಇರಬೇಕೆಂದು ಹುಡುಗನ ಮುಖ ಬಾಡಿತು. ವಯಸ್ಸೆಷ್ಟು ಎಂದು ಮೆಲ್ಲಗೆ ಕೇಳಿದ. ಒಂಬತ್ತು ಎಂದು ಕೇಳಿ ಅವನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಮಾಮಾ, ಬಾಗಿಲು ಹಾಕುವಾಗ ಬಾಲ ಸಿಕ್ಕಿಕೊಳ್ಳಬಾರದು ನೋಡಪ್ಪಾ ಎಂದುಬಿಟ್ಟರು. ಹುಡುಗ ಕಣ್ಣೊರೆಸಿಕೊಂಡು ಬೇರೆ ಗಿರಾಕಿಯ ಕಡೆ ನಡೆದುಬಿಟ್ಟ.

ಆಗಲೇ ಹುಟ್ಟಿದ್ದು ಕಾಗದದ ನಾಯಿ. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಅದರ ಮೇಲೆ ಭೀಮ್ಯಾನನ್ನು ಮಲಗಿಸಿ, ಸುತ್ತಲೂ ಗೆರೆ ಎಳೆದು, ದರ್ಜಿಯವರ ಹಾಗೆ ಕತ್ತರಿಸಿದ್ದರು. ಅದನ್ನು ಹಾಸಿದಲ್ಲೆಲ್ಲ ಒಂದೊಂದು ಕೊರತೆ. ಒಂದರಲ್ಲಿ ಮೂತಿ ಗೇರಿನ ಮೇಲೆ ಬಂತು. ಇನ್ನೊಂದರಲ್ಲಿ ಎಲ್ಲವೂ ಹಿಡಿಸಿತು, ಕಿವಿ ಮಾತ್ರ ಮಡಚಿಕೊಂಡಿತು.

“ಅಷ್ಟ ಕಿವಿ ಮಡಚಿದ್ರ ಏನಾತ್ರಿ?” ಎಂದ ಮಾರುವವನು. ಅವನೂ ನಮ್ಮ ಬೀದರ್ ಕಡೆಯವನೇ.

“ನೀ ನಿನ್ನ ಕಿವಿ ಮಡಚಿಕೊಂಡು ಸಿಕಂದರಾಬಾದ್ ತನಕ ಕೂಡ್ರತೀಯೇನು?”

ಕೊನೆಗೆ ಸಿಕ್ಕಿದ್ದು ಪಟಾನ್‌ಚೆರುವಿನಲ್ಲಿ ಒಂದು ಮುದಿ ವ್ಯಾನು. ಅಡುಗೆ ಕಂಟ್ರಾಕ್ಟರನೊಬ್ಬ ಅದರಲ್ಲಿ ಮದುವೆ ಮನೆಗಳಿಗೆ ಬಿರಿಯಾನಿ ಹಂಡೆ ಸಾಗಿಸುತ್ತಿದ್ದ. ಹಿಂದಿನ ಸೀಟುಗಳನ್ನು ಎಂದೋ ಕಿತ್ತಿದ್ದರಿಂದ ಕಾಗದದ ನಾಯಿ ಕಾಲು ಚಾಚಿ ಮಲಗಿತು. ನಿಜವಾದ ನಾಯಿ ಏನನ್ನುತ್ತದೋ ನೋಡೋಣವೆಂದು ವ್ಯಾನನ್ನು ಮನೆಗೇ ತರಿಸಿದರು. ಭೀಮ್ಯಾನನ್ನು ನಾವಿಬ್ಬರೂ ಎತ್ತಿ ಒಳಗೆ ಬಿಟ್ಟೆವು. ಮೂಲೆ ಮೂಲೆ ಮೂಸಿದ, ನೆಲ ನೆಕ್ಕಿದ, ಕಣ್ಣು ಮುಚ್ಚಿ ಮಲಗಿದ. ಇಳಿ ಎಂದರೆ ಇಳಿಯಲೊಲ್ಲ. ವರ್ಷಗಟ್ಟಲೆ ಇಂಗಿದ ಬಿರಿಯಾನಿ ವಾಸನೆಯನ್ನು ಯಾರು ತಾನೇ ಬಿಟ್ಟು ಬರುತ್ತಾರೆ? ಅದನ್ನು ನೋಡಿದ ಕಂಟ್ರಾಕ್ಟರ್ ಅಲ್ಲಿಯವರೆಗೆ ನಡೆದ ಚೌಕಾಸಿಯನ್ನೆಲ್ಲ ಮರೆತು, ಮೊದಲು ಹೇಳಿದ ರೇಟಿಗೇ ಗಟ್ಟಿಯಾಗಿ ನಿಂತ. ಮಾಮಾ ಕೊಟ್ಟರು.

ಮೊದಲ ಸವಾರಿ ಡಾಕ್ಟರ ಹತ್ತಿರ. ಮಾಮಾ ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ಅತ್ತೆ, ಒಳ್ಳೆಯ ಸೀರೆ ಉಟ್ಟು, ಇಡೀ ಸಂಗತಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಹಿಂದೆ ಕೌದಿಯ ಮೇಲೆ ಭೀಮ್ಯಾ ಮತ್ತು ನಾನು. ನಿಂತ ವ್ಯಾನಿನಲ್ಲಿ ನಿಶ್ಚಿಂತೆಯಿಂದ ಮಲಗಿದ್ದವನು ಅದು ಓಡತೊಡಗಿದೊಡನೆ ನಡುಗಲಾರಂಭಿಸಿದ. ಫ್ಲೈಓವರ್ ಏರುವಾಗ ಏಳಲು ಹೋದ. ಹಿಂಗಾಲು ಜಾರಿ ಬಿದ್ದ. ಮತ್ತೆ ಎದ್ದ, ಮತ್ತೆ ಬಿದ್ದ. ಅಷ್ಟು ದೊಡ್ಡ ದೇಹದಿಂದ ಕೂಸಿನಂಥ ದನಿ ಹೊರಟಿತು. ನನಗೆ ಹಿಡಿಯಲಾಗಲಿಲ್ಲ.

ಫ್ಲೈಓವರ್ ಇಳಿದು ಮಾಮಾ ಗಾಡಿ ಪಕ್ಕಕ್ಕೆ ನಿಲ್ಲಿಸಿದರು. ಅವರು ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ಅತ್ತೆ ಇಳಿದು ಬಂದು ಹಿಂದಿನ ಬಾಗಿಲು ತೆರೆದಿದ್ದರು.

“ನೀ ಮುಂದ ಹೋಗಪಾ” ಎಂದರು ನನಗೆ. ಒಳ್ಳೆಯ ಸೀರೆಯಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. “ಅಂಜಬ್ಯಾಡೋ, ನಾ ಇದ್ದೀನಲ್ಲ. ಸಾವಕಾಶ ಹೊಡೀರಿ ನೀವು.”

ವ್ಯಾನು ಎತ್ತಿನ ಗಾಡಿಯ ಹಾಗೆ ಹೊರಟಿತು. ನಡುಕ ನಿಂತಿತು. ಹಿಂದಿನಿಂದ ಸಿಟಿ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಮಾಮಾ ಕೈ ಎತ್ತಿ ಒಳಗಿನ ಕನ್ನಡಿಯನ್ನು ಕೆಳಕ್ಕೆ ಬಾಗಿಸಿದರು.

“ಮಾಮಾ, ಹಿಂಗ ಇಟ್ರ ಹಿಂದಿನ ಗಾಡಿ ಕಾಣಂಗಿಲ್ರಿ” ಎಂದೆ.

“ನನಗ ಕಾಣಬೇಕಾದವ್ರು ಕಾಣಾಕತ್ತಾರ” ಎಂದರು ಮಾಮಾ, ಕನ್ನಡಿಯಿಂದ ಕಣ್ಣು ತೆಗೆಯದೆ.